ಎಡಕ್ಕೆ ಹೋಗಬೇಕೇ? ಎಡಗೈ ತಳ್ಳಿ

ಕ್ಯಾಲಿಫೋರ್ನಿಯಾದ ಒಂದು ರೈಡಿಂಗ್ ಶಾಲೆಯವರು ಒಮ್ಮೆ ವಿಚಿತ್ರವಾದ ಬೈಕೊಂದನ್ನು ತಯಾರಿಸಿದರು. ಕಾವಾಸಾಕಿ ಕಂಪನಿಯ ಸ್ಪೋರ್ಟ್ಸ್ ಬೈಕು ಅದು, ಆದರೆ ಅದಕ್ಕೆ ಎರಡು ಜೊತೆ ಹ್ಯಾಂಡಲ್. ಒಂದು ಜೊತೆ ಎಲ್ಲ ಬೈಕುಗಳಲ್ಲಿರುವಂತೆ ಮುಂದಿನ ಫೋರ್ಕಿಗೆ ಸೇರಿದ್ದು, ತಿರುಗಿಸಿದರೆ ಚಕ್ರ ತಿರುಗುತ್ತದೆ. ಇನ್ನೊಂದು ಜೊತೆಯನ್ನು ಚಾಸಿಗೇ ಬಿಗಿದುಬಿಟ್ಟಿದ್ದರು. ಎಷ್ಟು ಎಳೆದರೂ ಅದು ಅಲುಗದು. ಅದರ ಬಲತುದಿಯಲ್ಲಿ ಮಾತ್ರ ಇನ್ನೊಂದು ಥ್ರಾಟಲ್ ಇತ್ತು. ಸವಾರ ಮಾಮೂಲಿ ಹ್ಯಾಂಡಲ್ ಹಿಡಿದು ಹೊರಡಬೇಕು, ವೇಗ ಬಂದಮೇಲೆ ಕೈಗಳನ್ನು ಅಲುಗದ ಹ್ಯಾಂಡಲಿಗೆ ಸಾಗಿಸಬೇಕು, ಆಮೇಲೆ ಬರೀ ಮೈ ವಾಲಿಸಿ ಬೈಕನ್ನು ತಿರುಗಿಸಿ ತೋರಿಸಬೇಕು.

ಪರೀಕ್ಷೆಗೆ ಬಂದವರಲ್ಲಿ ಎಷ್ಟೋ ವರ್ಷ ಬೈಕು ಓಡಿಸಿದವರಿದ್ದರು, ರೇಸ್ ಮಾಡಿದವರಿದ್ದರು, ಬೈಕುಗಳ ಬಗ್ಗೆ ಬರೆದೇ ಬದುಕುವ ಪತ್ರಕರ್ತರಿದ್ದರು. ‘ತಿರುಗಿಸುವುದೆಲ್ಲ ಮೈಯಿಂದ, ಹ್ಯಾಂಡಲ್ ನೆಪಕ್ಕೆ’ ಎಂದು ನಂಬಿದವರೂ ಇದ್ದರು. ಅವರು ಕಾಲಿಡುವ ಪೆಗ್ಗಿನ ಮೇಲೆ ಭಾರ ಹಾಕಿದರು, ಮೊಣಕಾಲಿನಿಂದ ಟ್ಯಾಂಕು ಒತ್ತಿದರು, ಸೀಟಿನಿಂದ ಅರ್ಧ ಮೈ ಹೊರಗೆ ಜೋತುಬಿದ್ದರು. ಬೈಕು ಬೀಳಲಿಲ್ಲ. ಸ್ವಲ್ಪ ಓಲಾಡಿತು, ನಿಧಾನವಾಗಿ ಒಂದು ಕಡೆಗೆ ಸರಿಯಿತು. ಆದರೆ ತಿರುವು ಬಂದಾಗ ಬೇಕಾದ ಕಡೆಗೆ, ಬೇಕಾದ ಹೊತ್ತಿಗೆ ಅದನ್ನು ತಿರುಗಿಸಲು ಯಾರಿಂದಲೂ ಆಗಲಿಲ್ಲ.

ಬೈಕಿನ ಸೀಟಿನಲ್ಲಿ ಕೂತು ದಿನಾ ನೂರು ಸಲ ಮಾಡುವ ಕೆಲಸವೊಂದನ್ನು ಹೇಗೆ ಮಾಡುತ್ತಿದ್ದೇವೆ ಎಂದು ಇಷ್ಟು ಜನಕ್ಕೆ ಗೊತ್ತೇ ಇರಲಿಲ್ಲ. ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದೇ. ಇಲ್ಲಿ ಯಾರೂ ಹೊಸ ಯಂತ್ರವನ್ನು ಕಂಡುಹಿಡಿಯಲಿಲ್ಲ. ನಮ್ಮ ಕೈ ನಮಗೆ ತಿಳಿಸದೆ ಮಾಡುತ್ತಿದ್ದುದನ್ನು ಕಂಡುಹಿಡಿದರು, ಅದು ಸವಾರರಿಗೆ ತಲುಪಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮೊದಲು ಕಂಡವರು ಸ್ಕಾಟ್ಲೆಂಡಿನ ಒಬ್ಬ ಎಂಜಿನಿಯರ್. ಉಗಿಯಂತ್ರದ ಶಾಸ್ತ್ರ ಬರೆದ ವಿಲಿಯಂ ರ‍್ಯಾಂಕಿನ್ ಅವರು 1869ರಲ್ಲಿ ‘ದಿ ಎಂಜಿನಿಯರ್’ ಪತ್ರಿಕೆಯಲ್ಲಿ ಆ ಕಾಲದ ಸೈಕಲ್ಲಿನ ಚಲನೆಯ ಬಗ್ಗೆ ಬರೆದರು. ಒಂದು ಕಡೆಗೆ ವಾಲಬೇಕಾದರೆ ಸವಾರ ಮೊದಲು ಮುಂದಿನ ಚಕ್ರವನ್ನು ಅದರ ವಿರುದ್ಧ ದಿಕ್ಕಿಗೆ ತುಸು ತಿರುಗಿಸುತ್ತಾನೆ ಎಂಬುದನ್ನು ಅವರು ಅಲ್ಲಿ ಗುರುತಿಸಿದ್ದರು. ಪೆಟ್ರೋಲಿನ ಮೋಟಾರ್ ಸೈಕಲ್ಲು ಇನ್ನೂ ಹುಟ್ಟಿರಲೇ ಇಲ್ಲ. ಅವರ ಮಾತು ಸವಾರರ ಕಿವಿಗೆ ಬೀಳಲಿಲ್ಲ.

ಆಮೇಲೆ ಅಮೆರಿಕದ ಡೇಟನ್ ಊರಿನ ಸೈಕಲ್ ಅಂಗಡಿ. 1892ರಿಂದ ಅದನ್ನು ನಡೆಸುತ್ತಿದ್ದ ಅಣ್ಣತಮ್ಮಂದಿರು ಮುಂದೆ ವಿಮಾನ ಹಾರಿಸಿದ ರೈಟ್ ಸಹೋದರರು. ಅಣ್ಣ ವಿಲ್ಬರ್‌ಗೆ ಒಂದು ಪ್ರಶ್ನೆ ಕೇಳುವ ಚಟವಿತ್ತು. ಸೈಕಲ್ ಓಡಿಸುವವರನ್ನು, ಎಡಕ್ಕೆ ತಿರುಗಬೇಕಾದರೆ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದರು. ಡಜನ್‌ಗಟ್ಟಲೆ ಜನರನ್ನು ಕೇಳಿದರು. ಬಹುಪಾಲು ಎಲ್ಲರದೂ ಒಂದೇ ಉತ್ತರ: ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತೇವೆ. ಮೊದಲ ಸಲಕ್ಕೇ ಪೂರ್ತಿ ಸರಿಯಾಗಿ ಹೇಳಿದ ಒಬ್ಬನೂ ಸಿಗಲಿಲ್ಲ. ಬಿಡದೆ ಕೆದಕಿ ಕೇಳಿದಾಗ ಕೆಲವರು ಮಾತ್ರ ಒಪ್ಪಿಕೊಂಡರು: ಹೌದು, ಮೊದಲು ತುಸು ಬಲಕ್ಕೆ ತಿರುಗಿಸಿ, ಸೈಕಲ್ಲು ಎಡಕ್ಕೆ ವಾಲಿದಮೇಲೆ ಎಡಕ್ಕೆ ತಿರುಗಿಸುತ್ತೇವೆ.

ಯಾಕೆ ಹೀಗೆ? ನಾವು ಚಿಕ್ಕವರಿದ್ದಾಗ ಅಂಗೈ ಮೇಲೆ ಉದ್ದ ಕೋಲು ನಿಲ್ಲಿಸಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದೆವು. ಕೋಲನ್ನು ಎಡಕ್ಕೆ ಒಯ್ಯಬೇಕಾದರೆ ಕೈಯನ್ನು ಥಟ್ಟನೆ ಎಡಕ್ಕೆ ಸರಿಸಿದರೆ ಅದು ಬಲಕ್ಕೆ ಉರುಳಿಬೀಳುತ್ತದೆ. ಅದಕ್ಕೆ ಮೊದಲು ಕೈಯನ್ನು ಸ್ವಲ್ಪ ಬಲಕ್ಕೆ ಸರಿಸಬೇಕು. ಕೋಲು ಎಡಕ್ಕೆ ವಾಲುತ್ತದೆ, ಆಗ ಅದರ ಕೆಳಗೆ ಕೈಯೋಡಿಸುತ್ತ ಎಡಕ್ಕೆ ಹೋಗಬೇಕು. ಬೈಕಿನದೂ ಇದೇ ಆಟ. ನೆಲಕ್ಕೆ ತಾಗಿದ ಟೈರು ಅಂಗೈ ಇದ್ದಂತೆ, ಬೈಕೂ ಸವಾರನೂ ಸೇರಿ ಕೋಲು. ಹ್ಯಾಂಡಲಿನ ಎಡ ಹಿಡಿಯನ್ನು ಮುಂದಕ್ಕೆ ಒತ್ತಿದರೆ ಚಕ್ರ ಒಂದು ಕ್ಷಣ ಬಲಕ್ಕೆ ಮುಖ ಮಾಡುತ್ತದೆ, ಟೈರುಗಳು ಸವಾರನ ಕೆಳಗಿನಿಂದ ಬಲಕ್ಕೆ ಸರಿಯುತ್ತವೆ, ಮೇಲಿನ ಭಾರ ಎಡಕ್ಕೆ ವಾಲುತ್ತದೆ. ವಾಲಿದ ಬೈಕು ಎಡಕ್ಕೆ ತಿರುಗುತ್ತದೆ. ಎಡಗೈ ಒತ್ತಿದರೆ ಎಡಕ್ಕೆ, ಬಲಗೈ ಒತ್ತಿದರೆ ಬಲಕ್ಕೆ. ಇಂಗ್ಲಿಷಿನಲ್ಲಿ ಇದನ್ನು ಕೌಂಟರ್ ಸ್ಟೀರಿಂಗ್ ಎನ್ನುತ್ತಾರೆ. ನನಗೆ ‘ಒತ್ತಿ ತಿರುಗಿಸುವುದು’ ಎಂಬ ಮಾತೇ ಸಾಕು.

ತಿರುಗುವ ಚಕ್ರಕ್ಕಿರುವ, ಬುಗುರಿಯಂತೆ ಬೀಳದೆ ನಿಲ್ಲುವ ಬುಗುರಿಗುಣವೇ ಇದನ್ನೆಲ್ಲ ಮಾಡಿಸುತ್ತದೆ ಎಂದು ಬಹಳ ಕಾಲ ಹೇಳುತ್ತಿದ್ದರು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಯಾರೂ ಓಡಿಸಲಾಗದ ಸೈಕಲ್ಲೊಂದನ್ನು ಕಟ್ಟಲು ಹೊರಟರು. ಮುಂದಿನ ಚಕ್ರದ ಪಕ್ಕದಲ್ಲಿ ಉಲ್ಟಾ ತಿರುಗುವ ಇನ್ನೊಂದು ಚಕ್ರ ಜೋಡಿಸಿ ಬುಗುರಿಗುಣವನ್ನೇ ಅಳಿಸಿಹಾಕಿದರು. ಆ ಸೈಕಲ್ಲನ್ನೂ ಓಡಿಸಲು ಬಂತು. ಕೈಬಿಟ್ಟು ಓಡಿಸುವುದಷ್ಟೇ ಕಷ್ಟವಾಯಿತು. ಬುಗುರಿಗುಣಕ್ಕೆ ಪಾಲಿದೆ, ಆದರೆ ಯಜಮಾನಿಕೆ ಇಲ್ಲ ಎಂದು ಆಗ ಸ್ಪಷ್ಟವಾಯಿತು.

ಇಷ್ಟು ತಿಳಿದಿದ್ದೂ ಏನಾಯಿತು? ವಿಜ್ಞಾನಿಗಳ ಕಾಗದದಲ್ಲಿದ್ದುದು ರಸ್ತೆಗೆ ಇಳಿಯಲಿಲ್ಲ. ಅದರ ಬೆಲೆ ಎಷ್ಟೆಂದು ತೋರಿಸಿದವರು ಹ್ಯಾರಿ ಹರ್ಟ್. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ, ಸ್ವತಃ ಬೈಕು ಓಡಿಸುತ್ತಿದ್ದ ಅವರು ತಮ್ಮ ತಂಡ ಕಟ್ಟಿಕೊಂಡು ಲಾಸ್ ಏಂಜಲೀಸ್ ಸುತ್ತಮುತ್ತ ಬೈಕು ಬಿದ್ದ ಜಾಗಗಳಿಗೇ ಹೋದರು. ಟೈರು ಉಜ್ಜಿದ ಗುರುತು ಅಳೆದರು, ಹೆಲ್ಮೆಟ್ ಬಿಚ್ಚಿ ನೋಡಿದರು, ಬದುಕಿದವರನ್ನು ಮಾತಾಡಿಸಿದರು. ಹೀಗೆ ಸುಮಾರು 900 ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ, ಜೊತೆಗೆ 3,600 ಪೊಲೀಸ್ ವರದಿಗಳನ್ನು ಓದಿ, 1981ರಲ್ಲಿ ವರದಿ ಕೊಟ್ಟರು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಶೇಕಡಾ 92 ಮಂದಿ ಯಾವ ತರಬೇತಿಯನ್ನೂ ಪಡೆದವರಲ್ಲ. ತಾವೇ ಕಲಿತವರು, ಇಲ್ಲವೆ ಮನೆಯವರಿಂದ, ಗೆಳೆಯರಿಂದ ಕಲಿತವರು. ಅಪಾಯ ಕಂಡ ಕ್ಷಣದಿಂದ ಡಿಕ್ಕಿಯವರೆಗೆ ಅವರಿಗೆ ಸಿಕ್ಕ ಸಮಯ ಸಾಮಾನ್ಯವಾಗಿ ಎರಡು ಸೆಕೆಂಡಿಗೂ ಕಡಿಮೆ. ಆ ಸಮಯದಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನು ತುಳಿದು ಚಕ್ರ ಜಾರಿಸಿದ್ದರು, ಹೆಚ್ಚು ಹಿಡಿತವಿರುವ ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿದಿರಲಿಲ್ಲ. ಒತ್ತಿ ತಿರುಗಿಸಿ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಕಲೆಯಂತೂ ಅವರಲ್ಲಿ ಇರಲೇ ಇಲ್ಲವೆನ್ನುವಷ್ಟು ಕಡಿಮೆ.

ಈ ಸಾಲುಗಳನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ನನಗೆ ಬೈಕು ಕಲಿಸಿದವರು ಚಿಕ್ಕಪ್ಪ, ಕಲಿಸಿದ್ದು ಊರಾಚೆಯ ಸಂತೆ ಮೈದಾನದಲ್ಲಿ. “ಹ್ಯಾಂಡಲ್ ಗಟ್ಟಿ ಹಿಡ್ಕೊ, ಮೈ ವಾಲ್ಸು, ಅದೇ ತಿರುಗ್ತದೆ. ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ,” ಎಂದಿದ್ದರು. ಅವರಿಗೆ ಅವರ ಗೆಳೆಯರು ಹಾಗೇ ಹೇಳಿಕೊಟ್ಟಿದ್ದರು. ಪ್ರೀತಿಯಿಂದಲೇ ಕಲಿಸಿದ್ದರು. ಆ 92ರಲ್ಲಿ ನಾನೂ ಒಬ್ಬ.

ಚಾರ್ಮಾಡಿ ಘಾಟಿಯಲ್ಲಿ ಅದರ ಫಲ ಉಂಡದ್ದೂ ಆಗಿತ್ತು. ಕೊಟ್ಟಿಗೆಹಾರದಿಂದ ಇಳಿಯುತ್ತಿದ್ದೆ, ಎಡ ತಿರುವು. ಅಂದುಕೊಂಡದ್ದಕ್ಕಿಂತ ಅದು ಹೆಚ್ಚು ಬಿಗಿಯಾಗಿತ್ತು. ಎದುರಿನಿಂದ ಬಸ್ಸು ಹತ್ತಿ ಬರುತ್ತಿತ್ತು. ನನ್ನ ಕಣ್ಣು ಆ ಬಸ್ಸಿನ ಮೂತಿಗೆ ಅಂಟಿಕೊಂಡಿತು. ಥ್ರಾಟಲ್ ಬಿಟ್ಟೆ, ತೋಳು ಕಟ್ಟಿಗೆಯಾಯಿತು, ಬೈಕು ನೆಟ್ಟಗಾಗಿ ನಾನು ನೋಡುತ್ತಿದ್ದ ಕಡೆಗೇ ಹೊರಟಿತು. ಬಸ್ಸಿನ ಚಾಲಕ ಗೋಡೆಗೆ ಉಜ್ಜುವಷ್ಟು ಪಕ್ಕಕ್ಕೆ ತಂದು ನಿಲ್ಲಿಸಿದ. ನಾನು ಉಳಿದದ್ದು ಅವನಿಂದ. ವೇಗ ಜಾಸ್ತಿಯಾಯಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜವಾಗಿ ಆದದ್ದೇನು ಎಂದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು, ಕೀತ್ ಕೋಡ್ ಎಂಬ ಮನುಷ್ಯನ ಬರಹ ಕೈಗೆ ಸಿಗಬೇಕಾಯಿತು.

ಕೀತ್ ಕೋಡ್ ಕ್ಯಾಲಿಫೋರ್ನಿಯಾದವರು, ಸ್ವತಃ ರೇಸ್ ಮಾಡಿದವರು. ರೇಸಿನಲ್ಲಿ ಗೆಲ್ಲುವುದು ಹುಟ್ಟುಗುಣ, ಗುಂಡಿಗೆ ಇದ್ದವನಿಗೆ ಮಾತ್ರ ಒಲಿಯುವುದು ಎಂದು ಸುತ್ತಲಿನವರೆಲ್ಲ ನಂಬಿದ್ದ ಕಾಲ. ಅವರು ಅದನ್ನು ಒಪ್ಪಲಿಲ್ಲ. ಸವಾರಿಯನ್ನು ಬಿಚ್ಚಿ ಹರವಬಹುದು, ಒಂದೊಂದೇ ಭಾಗವನ್ನು ಕೈಗೆತ್ತಿಕೊಂಡು ಕಲಿಸಬಹುದು ಎಂದು ಹೊರಟು 1980ರಲ್ಲಿ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ತೆರೆದರು. ಮೊದಲಲ್ಲಿ ಹೇಳಿದ ಎರಡು ಜೊತೆ ಹ್ಯಾಂಡಲಿನ ಬೈಕು ಈ ಶಾಲೆಯದೇ. ಆರಂಭದಲ್ಲಿ ಅವರು ತರಬೇತಿ ಕೊಟ್ಟವರಲ್ಲಿ ವೇನ್ ರೇನಿ ಎಂಬ ಹುಡುಗನೊಬ್ಬನಿದ್ದ. ಮಣ್ಣಿನ ಟ್ರ್ಯಾಕಿನಿಂದ ಬಂದವನು. 1983ರಲ್ಲಿ ಅವನು ಅಮೆರಿಕದ ಸೂಪರ್‌ಬೈಕ್ ಚಾಂಪಿಯನ್ ಆದ, ಮುಂದೆ 1990ರಿಂದ ಸತತ ಮೂರು ವರ್ಷ 500 ಸಿಸಿ ವಿಶ್ವ ಚಾಂಪಿಯನ್ ಆದ.

ಅದೇ 1983ರಲ್ಲಿ ಕೋಡ್ ‘ಎ ಟ್ವಿಸ್ಟ್ ಆಫ್ ದ ರಿಸ್ಟ್’ ಎಂಬ ಪುಸ್ತಕ ಬರೆದರು. ಮುಂದೆ ನಾಲ್ಕು ಸಲ ವಿಶ್ವ ಚಾಂಪಿಯನ್ ಆದ ಎಡ್ಡಿ ಲಾಸನ್ ಅದಕ್ಕೆ ತನ್ನ ಟಿಪ್ಪಣಿಗಳನ್ನು ಸೇರಿಸಿದ. ಅದರಲ್ಲಿ ಕೋಡ್ ಒಂದು ಲೆಕ್ಕ ಕೊಡುತ್ತಾರೆ. ನಿಮ್ಮ ಗಮನವೆಂದರೆ ಜೇಬಿನಲ್ಲಿರುವ ಹತ್ತು ಡಾಲರಿನ ನೋಟು ಎಂದುಕೊಳ್ಳಿ. ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ. ಹೊಸದಾಗಿ ಬೈಕು ಹತ್ತಿದವನಿಗೆ ಕ್ಲಚ್ಚು ಬಿಡುವುದಕ್ಕೇ ಅದರಲ್ಲಿ ಬಹುಪಾಲು ಖರ್ಚಾಗುತ್ತದೆ, ರಸ್ತೆ ನೋಡಲು ಚಿಲ್ಲರೆಯೂ ಉಳಿಯುವುದಿಲ್ಲ. ಅಭ್ಯಾಸವಾದಂತೆ ಕ್ಲಚ್ಚಿಗೆ ಐದು ಸೆಂಟು ಸಾಕಾಗುತ್ತದೆ, ಮಿಕ್ಕ ಹಣ ಬೇರೆಯದಕ್ಕೆ ಬಿಡುವಾಗುತ್ತದೆ. ಕಲಿಯುವುದೆಂದರೆ ಒಂದೊಂದು ಕೆಲಸದ ಬೆಲೆ ಇಳಿಸುತ್ತ ಹೋಗುವುದು. ಬೈಕಿನಾಚೆಗೂ ಈ ಮಾತು ನನ್ನ ಜೊತೆಗೆ ಬಂದಿದೆ. ಮಗುವಿಗೆ ಓದು ಕಲಿಸುವಾಗ, ಅಡುಗೆಗೆ ಹೊಸಬರು ಒಲೆಯ ಮುಂದೆ ನಿಂತಾಗ, ಅವರ ಹತ್ತು ಡಾಲರ್ ಈಗ ಎಲ್ಲಿ ಖರ್ಚಾಗುತ್ತಿದೆ ಎಂದು ನೋಡುತ್ತೇನೆ.

ಆದರೆ ಕೋಡ್ ಕಂಡದ್ದರಲ್ಲಿ ದೊಡ್ಡದು ಯಾವುದು ಎಂದು ಯಾರಾದರೂ ಕೇಳಿದರೆ ನಾನು 1993ರಲ್ಲಿ ಬಂದ ಎರಡನೇ ಭಾಗವನ್ನು ತೋರಿಸುತ್ತೇನೆ. ಅಷ್ಟು ಹೊತ್ತಿಗೆ ಅವರು ಹದಿಮೂರು ವರ್ಷ ಟ್ರ್ಯಾಕಿನ ಬದಿಯಲ್ಲಿ ನಿಂತು ಕಲಿಯುವವರನ್ನು ನೋಡಿದ್ದರು. ಬೇರೆ ಬೇರೆ ಸವಾರರು, ಬೇರೆ ಬೇರೆ ಬೈಕುಗಳು, ತಪ್ಪುಗಳು ಮಾತ್ರ ಅವವೇ. ಹೆದರಿದ ಕೂಡಲೆ ಥ್ರಾಟಲ್ ಬಿಡುತ್ತಾರೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾರೆ. ನೋಟ ಕಿರಿದಾಗುತ್ತದೆ, ಒಂದೇ ವಸ್ತುವಿಗೆ ಅಂಟುತ್ತದೆ, ಬೈಕು ಆ ವಸ್ತುವಿನ ಕಡೆಗೇ ಹೋಗುತ್ತದೆ. ತಿರುಗಿಸುವುದನ್ನು ಮರೆಯುತ್ತಾರೆ, ಇಲ್ಲವೆ ಸಾಕಾಗುವಷ್ಟು ತಿರುಗಿಸುವುದಿಲ್ಲ. ಬ್ರೇಕನ್ನು ಅತಿ ಹಿಡಿಯುತ್ತಾರೆ, ಇಲ್ಲವೆ ಹಿಡಿಯುವುದೇ ಇಲ್ಲ. ಈ ಏಳನ್ನು ಅವರು ಜೀವ ಉಳಿಸಿಕೊಳ್ಳುವ ಪ್ರತಿಕ್ರಿಯೆಗಳು ಎಂದು ಕರೆದರು. ಕಾಡಿನಲ್ಲಿ ಹುಲಿಯ ಎದುರು ನಮ್ಮನ್ನು ಉಳಿಸಿದ ಅದೇ ಬಿಗಿತ, ಅದೇ ದಿಟ್ಟಿ, ಎರಡು ಚಕ್ರದ ಮೇಲೆ ನಮ್ಮನ್ನು ಕೆಡವುತ್ತದೆ.

ಚಾರ್ಮಾಡಿಯ ನನ್ನ ಎರಡು ಸೆಕೆಂಡುಗಳನ್ನು ಯಾರೋ ಪಕ್ಕದಲ್ಲಿ ಕೂತು ಬರೆದುಕೊಂಡಂತಿತ್ತು ಆ ಪಟ್ಟಿ. ನಾನು ಪುಕ್ಕಲನಾಗಿರಲಿಲ್ಲ, ಹುಚ್ಚು ವೇಗದಲ್ಲೂ ಇರಲಿಲ್ಲ. ಎಡಗೈಯಿಂದ ಇನ್ನೊಂದು ಚೂರು ಒತ್ತಿದ್ದರೆ ಬೈಕು ಇನ್ನಷ್ಟು ವಾಲಿ ತಿರುವಿನೊಳಗೇ ಉಳಿಯುತ್ತಿತ್ತು. ಆದರೆ ಬಿಗಿದ ತೋಳು ಎಡವನ್ನು ಒತ್ತುವಾಗ ಬಲವೂ ಅಷ್ಟೇ ಒತ್ತುತ್ತದೆ. ಎರಡೂ ಸೇರಿ ಏನೂ ಆಗುವುದಿಲ್ಲ.

ಥ್ರಾಟಲಿನ ವಿಷಯವೂ ಹೀಗೇ ಬುದ್ಧಿಗೆ ಉಲ್ಟಾ ಕಾಣುವಂಥದ್ದು. ಸಾಮಾನ್ಯ ಸ್ಪೋರ್ಟ್ಸ್ ಬೈಕಿನಲ್ಲಿ ಮುಂದಿನ ಟೈರಿಗಿಂತ ಹಿಂದಿನದು ಅಗಲ. ಹಾಗಾಗಿ ತಿರುವಿನಲ್ಲಿ ಭಾರದ ಸುಮಾರು 40 ಪಾಲು ಮುಂದೆ, 60 ಪಾಲು ಹಿಂದೆ ಇದ್ದರೆ ಎರಡೂ ಟೈರುಗಳಿಗೆ ತಕ್ಕ ಹೊರೆ ಎಂಬುದು ಕೋಡ್ ಲೆಕ್ಕ. ಆ ಹಂಚಿಕೆ ಬರಬೇಕಾದರೆ ಬೈಕನ್ನು ವಾಲಿಸಿ ಮುಗಿಸಿದ ಮೇಲೆ ಥ್ರಾಟಲನ್ನು ಹಗುರವಾಗಿ ತೆರೆದು, ತಿರುವು ಮುಗಿಯುವವರೆಗೂ ಒಂದೇ ಸಮನೆ, ಜರ್ಕು ಇಲ್ಲದೆ ತೆರೆಯುತ್ತ ಹೋಗಬೇಕು. ನಡುವೆ ಹೆದರಿ ಬಿಟ್ಟರೆ ಹೆಚ್ಚಿನ ಭಾರ ಮುಂದಿನ ಸಣ್ಣ ಟೈರಿನ ಮೇಲೆ ಬೀಳುತ್ತದೆ, ಬೈಕು ತನ್ನ ದಾರಿ ಬಿಡುತ್ತದೆ.

2010ರ ಹೊತ್ತಿಗೆ ಕೋಡ್ ಅವರ ಶಾಲೆಯವರು ಇರುಂಗಾಟ್ಟುಕೋಟೈಗೂ ಬಂದು ಕಲಿಸತೊಡಗಿದರು. ಶ್ರೀಪೆರಂಬುದೂರಿನ ಬಳಿ, ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಇರುವ, ಆಗ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ ಎಂದು ಕರೆಯುತ್ತಿದ್ದ ಜಾಗ ಅದು. ಅದಕ್ಕೂ ಮುಂಚೆ ಅಲ್ಲಿನವರು ಶೋಲಾವರಂನ ಹಳೆಯ ಯುದ್ಧಕಾಲದ ರನ್‌ವೇ ಮೇಲೆ ರೇಸ್ ನಡೆಸುತ್ತಿದ್ದರು. ಈ ಟ್ರ್ಯಾಕ್ 1990ರದು, ಸುಮಾರು 3.7 ಕಿಲೋಮೀಟರ್ ಉದ್ದ, 12 ತಿರುವು. ಬೆಂಗಳೂರಿನ ಸವಾರರು ರಾತ್ರಿಯೇ ಹೊರಟು, ಕೆಲವರು ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು, ಅಲ್ಲಿಗೆ ಹೋಗುವುದು ಈಗ ವಾಡಿಕೆ.

ನಾನೂ ಹೋದೆ. ಬೆಳಿಗ್ಗೆ ಏಳಕ್ಕೇ ಲೆದರ್ ಸೂಟಿನೊಳಗೆ ಬೆವರು ಇಳಿಯುತ್ತಿತ್ತು. ರೇಸಿನವರಂತೆ ಮೊಣಕಾಲು ನೆಲಕ್ಕೆ ಉಜ್ಜುವುದನ್ನು ಕಲಿಸುತ್ತಾರೆ ಎಂದು ನಿರೀಕ್ಷಿಸಿದ್ದ ಹುಡುಗರಿಗೆ ಮೊದಲ ಪಾಠದಲ್ಲೇ ನಿರಾಸೆ: ಒಂದೇ ಗೇರು, ಬ್ರೇಕು ಮುಟ್ಟುವಂತಿಲ್ಲ, ನಿಮ್ಮ ಶಕ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ವೇಗ ಬೇಡ. ಥ್ರಾಟಲ್ ಒಂದನ್ನೇ ನೋಡಿಕೊಳ್ಳಿ. ಹತ್ತು ಡಾಲರನ್ನೂ ಒಂದೇ ಕಡೆ ಖರ್ಚು ಮಾಡಿಸುವ ಏರ್ಪಾಡು ಅದು. ಬ್ರೇಕು ಇಲ್ಲವೆಂದಮೇಲೆ ತಿರುವಿಗೆ ಎಷ್ಟು ವೇಗದಲ್ಲಿ ಬರಬೇಕು ಎಂಬ ಅಂದಾಜು ತಾನಾಗಿ ಹುಟ್ಟುತ್ತದೆ. ಎರಡನೇ ಪಾಠಕ್ಕೆ ಟ್ರ್ಯಾಕಿನ ಮೇಲೆ ಗುರುತುಗಳನ್ನು ಹಾಕಿದ್ದರು, ಅಲ್ಲಿಗೆ ಬರುವವರೆಗೆ ಬೈಕು ವಾಲಿಸಕೂಡದು. ನನ್ನ ಮೈ ಪ್ರತಿ ಸಲವೂ ಆ ಗುರುತಿಗಿಂತ ಮೊದಲೇ ತಿರುಗಿಬಿಡಲು ಹವಣಿಸುತ್ತಿತ್ತು. ಬೇಗ ತಿರುಗಿದರೆ ಸುರಕ್ಷಿತ ಎಂದು ಅದಕ್ಕೆ ಅನಿಸುತ್ತದೆ, ಹಾಗೆ ಮಾಡಿದವನು ತಿರುವಿನ ಕೊನೆಯಲ್ಲಿ ಹೊರಕ್ಕೆ ಹೋಗಿಬಿಡುತ್ತಾನೆ.

ನಡುವೆ ಟ್ರ್ಯಾಕಿನಾಚೆ ಒಂದು ಬಯಲಿನಲ್ಲಿ ಒಬ್ಬೊಬ್ಬರನ್ನೇ ಕರೆದು ಎಡ, ಬಲ, ಎಡ, ಬಲ ಎಂದು ಹಾವಿನಂತೆ ಬೈಕು ಓಡಿಸಲು ಹೇಳಿದರು. ಕೋಚ್ ಎದುರಿಗೆ ನಿಂತು ನನ್ನ ಬೈಕನ್ನು ನೋಡಲೇ ಇಲ್ಲ, ಭುಜವನ್ನು ನೋಡುತ್ತಿದ್ದರು. ಹತ್ತಿರ ಬಂದು ನಿಲ್ಲಿಸಿದಾಗ ನನ್ನ ಮೊಣಕೈಯನ್ನು ಎರಡು ಬೆರಳಿಂದ ಅಲುಗಿಸಿದರು. ಕೋಳಿ ರೆಕ್ಕೆ ಬಡಿದಂತೆ ಸಡಿಲಾಗಿ ಆಡಬೇಕಿತ್ತು. ಆಡಲಿಲ್ಲ. ಎಷ್ಟು ವರ್ಷದಿಂದ ಹೀಗೆ ಹಿಡಿದಿದ್ದೀರಿ ಎಂದು ಕೇಳಿದರು. ಸಂತೆ ಮೈದಾನದಿಂದ ಎಂದು ಹೇಳಿದರೆ ಅವರಿಗೆ ಏನು ಅರ್ಥವಾದೀತು? ಮತ್ತೆ ಹೋದೆ. ಮೊಣಕಾಲಿನಿಂದ ಟ್ಯಾಂಕು ಹಿಡಿದು, ತೋಳನ್ನು ಸಡಿಲ ಬಿಟ್ಟು, ಅಂಗೈಯಿಂದ ಎಡ ಹಿಡಿಯನ್ನು ಮುಂದಕ್ಕೆ ಒತ್ತಿದೆ. ಬೈಕು ನಾನು ಕೇಳಿದ ಕೂಡಲೆ ವಾಲಿತು. ಇಷ್ಟು ದಿನ ಅದರ ಜೊತೆ ಜಗಳವಾಡಿಕೊಂಡೇ ಬಂದಿದ್ದೆ ಎಂದು ಆಗ ತಿಳಿಯಿತು.

ಪ್ರತಿ ಪಾಠದ ಸವಾರಿಯಲ್ಲೂ ಕೋಚ್ ಮಾಡುತ್ತಿದ್ದುದು ಒಂದೇ. ಟ್ರ್ಯಾಕಿನಲ್ಲಿ ಹಿಂದೆ ಬಂದು, ದಾಟಿ ಮುಂದೆ ಹೋಗಿ, ತಮ್ಮ ಬೈಕಿನ ಹಿಂಬದಿ ತಟ್ಟಿ ‘ನನ್ನನ್ನು ನೋಡು’ ಎಂದು ಸನ್ನೆ ಮಾಡಿ ಒಂದು ಸುತ್ತು ತೋರಿಸುತ್ತಿದ್ದರು. ಒಳಗೆ ಬಂದ ಮೇಲೆ ಮೊದಲು ಕೇಳುತ್ತಿದ್ದರು: ನಿಮಗೆ ಏನು ಕಂಡಿತು? ತಪ್ಪು ಯಾವುದೆಂದು ಅವರಿಗೆ ಗೊತ್ತಿತ್ತು, ಅದು ನನ್ನ ಬಾಯಿಂದ ಬರುವವರೆಗೆ ಕಾಯುತ್ತಿದ್ದರು. ವಿಲ್ಬರ್ ರೈಟ್ ಸೈಕಲ್ ಸವಾರರನ್ನು ಬಿಡದೆ ಕೇಳಿದ್ದು ಇದನ್ನೇ ಅಲ್ಲವೇ ಎನಿಸಿತು.

ಟ್ರ್ಯಾಕ್ ಕಲಿಕೆ ರಸ್ತೆಯಲ್ಲಿ ವೇಗದ ಹುಚ್ಚು ಹಿಡಿಸುತ್ತದೆ ಎನ್ನುವವರಿದ್ದಾರೆ. ನನ್ನ ಅನುಭವ ಬೇರೆ. ಎದುರು ವಾಹನವಿಲ್ಲದ, ಎಮ್ಮೆ ಅಡ್ಡ ಬರದ, ಜಲ್ಲಿ ಚೆಲ್ಲದ ಜಾಗದಲ್ಲಿ ಒಂದೇ ತಿರುವನ್ನು ಐವತ್ತು ಸಲ ಸುತ್ತಿದವನಿಗೆ ತನ್ನ ಗಮನದ ಜೇಬು ಎಷ್ಟು ಸಣ್ಣದು ಎಂದು ಗೊತ್ತಾಗಿರುತ್ತದೆ. ಘಾಟಿಯಲ್ಲಿ ನನ್ನ ವೇಗ ಈಗ ಮೊದಲಿಗಿಂತ ಕಡಿಮೆ. ನೋಟ ಮಾತ್ರ ದೂರ ಹೋಗುತ್ತದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನನ್ನು ಕೇಳಿದೆ: “ಎಡಕ್ಕೆ ತಿರುಗಬೇಕಾದ್ರೆ ಏನ್ ಮಾಡ್ತೀರಿ?”

“ಏನ್ ಮಾಡೋದು? ಎಡಕ್ಕೆ ತಿರುಗಿಸ್ತೀನಿ.”

“ಬೆರಳು ಬಿಚ್ಚಿಟ್ಟು, ಬರೀ ಅಂಗೈಯಿಂದ ಎಡ ಹಿಡೀನ ಮುಂದಕ್ಕೆ ಒತ್ತಿ ನೋಡಿ. ರಸ್ತೆ ಖಾಲಿ ಇರಲಿ. ಮೆಲ್ಲಗೆ.”

ಚಿಕ್ಕಪ್ಪ ನನ್ನ ಮುಖ ನೋಡಿದರು, ಹೆಲ್ಮೆಟ್ ಹಾಕಿಕೊಂಡು ಗದ್ದೆಯ ಪಕ್ಕದ ನೇರ ರಸ್ತೆಗೆ ಹೋದರು. ಹತ್ತು ನಿಮಿಷವಾದರೂ ಬರಲಿಲ್ಲ. ಬಂದವರು ಇಂಜಿನ್ ಆಫ್ ಮಾಡದೆ ಹಾಗೇ ಕೂತಿದ್ದರು.

“ನಲವತ್ತು ವರ್ಷ ಓಡಿಸಿದೀನಿ ಕಣೋ,” ಎಂದರು. ಆಮೇಲೆ ತಮ್ಮ ಎಡ ಅಂಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡು, ಗೇರು ಹಾಕಿ, ಮತ್ತೆ ಆ ರಸ್ತೆಗೇ ಹೊರಟರು.